ನಾಲ್ಕನೆಯ ತಂಬಿಗೆ

ಹಳೆಯ ಸಾಮಾನಿನ ಅಂಗಡಿ ಎಂದರೆ ನನಗೆ ಇವತ್ತಿಗೂ ಹೊಟ್ಟೆ ತೊಳಸುತ್ತದೆ. ಈಗಿನವರು ಅಂಥ ಅಂಗಡಿಗಳನ್ನು ಹುಡುಕಿಕೊಂಡು ಹೋಗುತ್ತಾರೆ. ಎಂ.ಸಿ.ಸಿ. ಬಡಾವಣೆಯ ನಮ್ಮ ಎದುರು ಮನೆಯವರು ಯಾರ ಮನೆಯದೋ ತಾಮ್ರದ ಹಂಡೆಯೊಂದನ್ನು ತಂದು, ಅದರಲ್ಲಿ ಪ್ಲಾಸ್ಟಿಕ್ ಹೂವು ಚುಚ್ಚಿ, ಹಾಲಿನಲ್ಲಿಟ್ಟಿದ್ದಾರೆ. ಬಂದವರಿಗೆಲ್ಲ ತೋರಿಸಿ ಮುಟ್ಟಿಸುತ್ತಾರೆ. ಆ ಹಂಡೆಯಲ್ಲಿ ಎಷ್ಟು ಬಾಣಂತಿಯರಿಗೆ ನೀರು ಕಾದಿತ್ತೋ, ಎಷ್ಟು ಹೆಣಕ್ಕೆ ನೀರು ಕಾದಿತ್ತೋ, ಅವರಿಗೇನು ಗೊತ್ತು? ನಾನು ಸೆರಗಿನಿಂದ ಮೂಗು ಒರೆಸಿಕೊಳ್ಳುವ ನೆಪದಲ್ಲಿ ಮೂಗು ಮುಚ್ಚಿಕೊಂಡು, 'ಚೆನ್ನಾಗಿದೆಯಮ್ಮ' ಎಂದು ಎದ್ದು ಬರುತ್ತೇನೆ.

ಇದು ಮುದುಕಿಯ ಶೋಕಿ ಅಲ್ಲ. ಅಂಥ ಅಂಗಡಿಗಳನ್ನು ನಾನು ಒಳಹೊಕ್ಕು ನೋಡಿದ್ದೇನೆ. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನಗೆ ಹತ್ತೊಂಬತ್ತು. ಮದುವೆ ಗೊತ್ತಾಗಿತ್ತು. ಉಳಿದ ಹುಡುಗಿಯರು ಮದುವೆ ಗೊತ್ತಾದ ಮೇಲೆ ಸೀರೆ ಅಂಗಡಿ ಸುತ್ತುತ್ತಾರೆ. ನಾನು ಎರಡು ತಿಂಗಳು ದಾವಣಗೆರೆಯ ಗುಜರಿ ಅಂಗಡಿ, ಹಳೆ ಪಾತ್ರೆ ಅಂಗಡಿಗಳನ್ನು ಸುತ್ತಿದೆ. ಸುತ್ತಿಸಿದವಳು ನನ್ನ ಸೋದರತ್ತೆ, ಅಪ್ಪನ ಅಕ್ಕ.

ಅತ್ತೆ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ನಮ್ಮ ಮನೆಗೆ ಬಂದವಳು. ಅವ್ವ ಕ್ಷಯ ಬಂದು ತೀರಿಕೊಂಡಾಗ ನನಗೆ ಹದಿಮೂರು. ಅಲ್ಲಿಂದ ಮನೆಯ ಯಜಮಾನಿಕೆ ಅತ್ತೆಯದೇ. ಅಪ್ಪ ಹತ್ತಿ ಮಂಡಿಯಲ್ಲಿ ಗುಮಾಸ್ತರು. ಅಂಗಿಯ ಮೇಲೆಲ್ಲ ಹತ್ತಿಯ ಎಳೆ ಹೊತ್ತು ಸಂಜೆ ಮನೆಗೆ ಬಂದರೆ, ಉಂಡು ಮಲಗುವುದೊಂದೇ ಅವರಿಗೆ ಗೊತ್ತಿದ್ದದ್ದು. ಅತ್ತೆ ನಶ್ಯ ಏರಿಸುತ್ತಿದ್ದಳು. ಅವಳ ಮೂಗಿನ ತುದಿಯಲ್ಲಿ ಸದಾ ಒಂದು ಕಂದು ಹನಿ ತೂಗುತ್ತಿರುತ್ತಿತ್ತು. ಅವಳು ರೊಟ್ಟಿ ತಟ್ಟುವಾಗ ನಾನು ಆ ಹನಿಯನ್ನೇ ನೋಡುತ್ತ ಕೂರುತ್ತಿದ್ದೆ. ಅದು ಬಿದ್ದದ್ದನ್ನು ಒಂದು ದಿನವೂ ಕಾಣಲಿಲ್ಲ. ಆದರೂ ಆ ರೊಟ್ಟಿ ನನಗೆ ಸಲೀಸಾಗಿ ಇಳಿಯುತ್ತಿರಲಿಲ್ಲ.

ಅವಳು ಹುಡುಕುತ್ತಿದ್ದದ್ದು ಒಂದು ಹಿತ್ತಾಳೆ ತಂಬಿಗೆ. ಅದು ಯಾಕೆ ಬೇಕಿತ್ತೆಂದು ಹೇಳಬೇಕು. ನಮ್ಮಲ್ಲಿ ಮದುವೆಗೆ ಮೊದಲು ಸುರಗಿ ಎಂಬ ಶಾಸ್ತ್ರ ಮಾಡುತ್ತಾರೆ. ಅರಿಶಿನ ಹಚ್ಚಿದ ಮದುಮಗಳನ್ನು ಮಣೆಯ ಮೇಲೆ ಕೂರಿಸಿ, ನಾಲ್ಕು ಮೂಲೆಗೆ ನೀರು ತುಂಬಿದ ನಾಲ್ಕು ತಂಬಿಗೆ ಇಟ್ಟು, ಅವುಗಳ ಕೊರಳಿಗೆ ನೂಲು ಸುತ್ತುತ್ತಾರೆ. ಆ ನೂಲಿನ ಚೌಕದೊಳಗೆ ಅವಳಿಗೆ ನೀರೆರೆಯುತ್ತಾರೆ. ಬೇರೆ ಮನೆಗಳಲ್ಲಿ ಯಾವ ತಂಬಿಗೆಯಾದರೂ ನಡೆಯುತ್ತಿತ್ತು. ನಮ್ಮ ಮನೆತನದಲ್ಲಿ ಮಾತ್ರ ಹುಡುಗಿಯ ತಾಯಿಗೆ ತವರಿನವರು ಕೊಟ್ಟ ತಂಬಿಗೆಗಳೇ ಆಗಬೇಕು. ನನ್ನ ಅವ್ವ ಆನಗೋಡಿನ ಹೆಣ್ಣು. ಅವಳ ಮದುವೆಯಲ್ಲಿ ತವರಿನವರು ಒಂದೇ ಅಚ್ಚಿನ ನಾಲ್ಕು ತಂಬಿಗೆ ಕೊಟ್ಟಿದ್ದರು. ನಾಲ್ಕಕ್ಕೂ ಕೊರಳ ಕೆಳಗೆ ಚುಕ್ಕಿ ಚುಕ್ಕಿ ಹೊಡೆದು 'ಆನಗೋಡು' ಎಂದು ಬರೆಸಿ, ಪಕ್ಕದಲ್ಲಿ ಒಂದು ಸಣ್ಣ ಹೂವು ಬಿಡಿಸಿದ್ದರು. ಮನೆಯಲ್ಲಿ ಉಳಿದಿದ್ದದ್ದು ಮೂರು.

ನಾಲ್ಕನೆಯದು ಎಲ್ಲಿ ಹೋಯಿತೆಂದು ನನಗೆ ಗೊತ್ತಿತ್ತು. ಅದನ್ನು ಅತ್ತೆ ಮಾರಿದ್ದಳು. ಮಾರಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಅವ್ವ ಸಾಯುವುದಕ್ಕೆ ಎರಡು ತಿಂಗಳ ಮೊದಲು, ನಾನು ಶಾಲೆಯಿಂದ ಬರುವಾಗ, ಹಿತ್ತಲ ಬಾಗಿಲಲ್ಲಿ ಹಳೆ ಪಾತ್ರೆ ಕೊಳ್ಳುವವನ ಬುಟ್ಟಿಗೆ ಅತ್ತೆ ಅದನ್ನು ಬಟ್ಟೆಯಲ್ಲಿ ಸುತ್ತಿ ಹಾಕಿದಳು. ಮರುದಿನ ಅವಳ ಸೊಂಟದಲ್ಲಿ ಹೊಸ ನಶ್ಯದ ಡಬ್ಬಿ ಇತ್ತು. ಅವ್ವ ಹಾಸಿಗೆಯಿಂದ ಏಳಲಾರಳು, ಇದೇ ಸಮಯ ಎಂದು ಅವಳ ತವರಿನ ತಂಬಿಗೆಯನ್ನು ಮೂಗಿಗೆ ಏರಿಸಿಬಿಟ್ಟಳಲ್ಲ ಎಂದು ನಾನು ಆರು ವರ್ಷ ಅವಳನ್ನು ಮನಸ್ಸಿನಲ್ಲೇ ಬೈದಿದ್ದೆ. ಮದುವೆ ಗೊತ್ತಾದ ವಾರ ಬಾಯಿ ಬಿಟ್ಟೇ ಅಂದೆ.

"ಮೂರೇ ಅದಾವಲ್ಲ ಅತ್ತೆ. ಇನ್ನೊಂದು ನಿನ್ನ ಮೂಗಿನಾಗೆ ಐತೇನು?"

ಅತ್ತೆ ನನ್ನ ಮುಖ ನೋಡಿದಳು. ಬೈಯಲಿಲ್ಲ. ಸೆರಗು ಬಿಗಿದುಕೊಂಡು, "ನಡಿ, ಹುಡುಕೋಣು" ಎಂದಳು. ಹೊಸದೊಂದು ಕೊಂಡುಬಿಡಿ ಎಂದು ಅಪ್ಪ ಹೇಳಿದರು. "ಹೊಸದು ಬ್ಯಾಡ, ಅದೇ ಬೇಕು" ಎಂದಳು. ಮಾರಿದವಳಿಗೆ ಈಗ ಬಂತು ಭಕ್ತಿ ಎಂದುಕೊಂಡೆ.

ಹೀಗೆ ನಮ್ಮ ತಿರುಗಾಟ ಶುರುವಾಯಿತು. ಮಧ್ಯಾಹ್ನದ ಮಿಲ್ಲಿನ ಕೂಗು ಆಗುತ್ತಲೇ ಅತ್ತೆ ಉಳಿದ ಮೂರರಲ್ಲಿ ಒಂದು ತಂಬಿಗೆಯನ್ನು ಗುರುತಿಗೆಂದು ಕೈಚೀಲದಲ್ಲಿ ಹಾಕಿಕೊಂಡು ಹೊರಡುತ್ತಿದ್ದಳು. ನನ್ನನ್ನು ಬಿಟ್ಟು ಹೋಗುತ್ತಿರಲಿಲ್ಲ. ಅವಳಿಗೆ ಓದಲು ಬರುತ್ತಿರಲಿಲ್ಲ. ಪಾತ್ರೆಗಳ ಮೇಲಿನ ಚುಕ್ಕಿ ಅಕ್ಷರ ಓದಲು ನಾನು ಬೇಕಿತ್ತು. ಅವಳ ಹಿಂದೆ ಹತ್ತು ಮಾರು ಬಿಟ್ಟು ನಾನು ನಡೆಯುತ್ತಿದ್ದೆ. ಮದುವೆ ಗೊತ್ತಾದ ಹುಡುಗಿ ಗುಜರಿ ಅಂಗಡಿ ಹತ್ತುವುದನ್ನು ಯಾರಾದರೂ ನೋಡಿದರೆ ಏನು ಗತಿ? ಗಂಡಿನ ಕಡೆಯವರು ಕಡರನಾಯಕನಹಳ್ಳಿಯವರು. ಸಂತೆಗೂ ಮಂಡಿಗೂ ದಾವಣಗೆರೆಗೆ ಬಂದು ಹೋಗುವವರು. ಅಂಗಡಿಯವರು ಅತ್ತೆಯ ಚೀಲದ ತಂಬಿಗೆ ನೋಡಿ, "ಮಾರಾಕ ತಂದೀರೇನ್ರಿ?" ಎಂದು ಬೀದಿಗೆ ಕೇಳುವಂತೆ ಕೂಗಿದಾಗ ನನಗೆ ನೆಲ ಬಿರಿದು ನುಂಗಬಾರದೇ ಎನಿಸುತ್ತಿತ್ತು.

ಆ ಅಂಗಡಿಗಳ ವಾಸನೆಯನ್ನು ಹೇಗೆ ಹೇಳಲಿ. ಹೊರಗೆ ಬಿಸಿಲು ಸುಡುತ್ತಿದ್ದರೆ ಒಳಗೆ ಒಂದು ತಣ್ಣನೆಯ ಕೊಳಕು. ಹಳೆ ಎಣ್ಣೆ, ಇಲಿಯ ಉಚ್ಚೆ, ಬೆವರಿದ ಕೋಟು, ಎಲ್ಲ ಸೇರಿ ಗಂಟಲಿಗೆ ಅಂಟುತ್ತಿತ್ತು. ಒಂದು ಅಂಗಡಿಯಲ್ಲಿ ಯಾರೋ ಕಟ್ಟಿಸಿಕೊಂಡಿದ್ದ ಹಲ್ಲಿನ ಸೆಟ್ಟು ಇತ್ತು. ಅದನ್ನು ಯಾರು ಕೊಳ್ಳುತ್ತಾರೆ ಎಂದು ಕೇಳಿದೆ. "ಬಾಯಿಗೆ ಕೂತ್ರೆ ಯಾರಾದ್ರೂ ತಗೊಂತಾರ್ರಿ" ಎಂದ ಅಂಗಡಿಯವನು. ಅಂದರೆ ಜನ ಅದನ್ನು ಬಾಯಿಗೆ ಹಾಕಿ ನೋಡುತ್ತಿದ್ದರು! ಇನ್ನೊಂದರಲ್ಲಿ ಆಸ್ಪತ್ರೆಯಲ್ಲಿ ಮಲಮೂತ್ರಕ್ಕೆಂದು ರೋಗಿಗಳ ಕೆಳಗೆ ಇಡುವ ಪಿಂಗಾಣಿ ಪಾತ್ರೆಯಲ್ಲಿ ಮೊಳೆ ತುಂಬಿಸಿ ಮಾರಾಟಕ್ಕಿಟ್ಟಿದ್ದರು. ಕನ್ನಡಿಯೊಂದರ ಗಾಜಿನ ಮೇಲೆ ಯಾವಳೋ ಕುಂಕುಮದ ಬೆರಳು ಒರೆಸಿದ ಗುರುತು ಹಾಗೇ ಒಣಗಿತ್ತು. ಬಾಚಣಿಗೆಗಳಲ್ಲಿ ಕೂದಲು. ಹಗ್ಗದ ಮಂಚದ ಸಂದಿಯಲ್ಲಿ ತಿಗಣೆಯ ಸಾಲು. ಎಲ್ಲಕ್ಕಿಂತ ಹೆಚ್ಚಾಗಿ, ಒಂದು ಮೊಳೆಗೆ ನೇತುಹಾಕಿದ್ದ ನಾಲಿಗೆ ಹೆರೆಯುವ ಹಿತ್ತಾಳೆ ಪಟ್ಟಿಗಳ ಕಟ್ಟು ನನಗೆ ಮರೆಯದು. ಇಪ್ಪತ್ತೋ ಮೂವತ್ತೋ ಇದ್ದವು. ಒಂದೊಂದೂ ಒಬ್ಬೊಬ್ಬರ ನಾಲಿಗೆಯ ಮೇಲೆ ವರ್ಷಗಟ್ಟಲೆ ಆಡಿದ್ದು. ಅವತ್ತು ಮನೆಗೆ ಬಂದು ಊಟ ಮಾಡಲಿಲ್ಲ.

ಅತ್ತೆಗೆ ಇದ್ಯಾವುದರ ಪರಿವೆ ಇರಲಿಲ್ಲ. ಅವಳು ಪಾತ್ರೆಗಳ ರಾಶಿಯ ಮುಂದೆ ಕಾಲು ಚಾಚಿ ಕೂತು, ಒಂದೊಂದನ್ನೇ ತಿರುಗಿಸಿ, ಒಳಗೆ ಕೈಹಾಕಿ ಸವರಿ, ಆಮೇಲೆ ಮೂಗಿಟ್ಟು ಮೂಸುತ್ತಿದ್ದಳು. ಮೂಗಿನಲ್ಲಿ ಅಷ್ಟು ನಶ್ಯ ಇದ್ದವಳಿಗೆ ಅದು ಹೇಗೆ ತಿಳಿಯುತ್ತಿತ್ತೋ ದೇವರಿಗೇ ಗೊತ್ತು. "ಇದು ಮಜ್ಜಿಗೆ ಕೊಡ. ಈ ಮನ್ಯಾಗೆ ಎಮ್ಮೆ ಇದ್ವು" ಎನ್ನುತ್ತಿದ್ದಳು. "ಇದರಾಗೆ ಹರಳೆಣ್ಣೆ ಇಟ್ಟಿದ್ರು. ಸಣ್ಣ ಕೂಸು ಇತ್ತು ಆ ಮನ್ಯಾಗೆ." ಅಂಗಡಿಯವರು ನಗುತ್ತಿದ್ದರು. ನನಗೆ ಆ ಮೂಗನ್ನು ಹಿಡಿದು ಎಳೆದುಕೊಂಡು ಹೋಗಬೇಕೆನಿಸುತ್ತಿತ್ತು. ತಂಬಿಗೆ ಕಂಡರೆ ಸಾಕು, ಹೆಬ್ಬೆರಳಿಗೆ ಎಂಜಲು ಹಚ್ಚಿ ಅದರ ಕೊರಳ ಕೆಳಗಿನ ಕಿಲುಬು ಒರೆಸಿ ನನ್ನತ್ತ ಚಾಚುತ್ತಿದ್ದಳು.

"ಓದವ್ವ, ಏನೈತೆ?"

ಅವಳ ಎಂಜಲು ಒರೆಸಿದ ಜಾಗವನ್ನು ನಾನು ದೂರದಿಂದಲೇ ಓದುತ್ತಿದ್ದೆ. ಯಾರ ಯಾರದೋ ಹೆಸರು. ಯಾರೋ ಅಜ್ಜಿ ಮೊಮ್ಮಗಳಿಗೆ ಕೊಟ್ಟದ್ದು, ಯಾರೋ ಅಣ್ಣ ತಂಗಿಗೆ ಕೊಟ್ಟದ್ದು. ಇಷ್ಟು ಜನ ಇಷ್ಟು ಪ್ರೀತಿಯಿಂದ ಚುಕ್ಕಿ ಹೊಡೆಸಿ ಕೊಟ್ಟದ್ದೆಲ್ಲ ಕೊನೆಗೆ ಇಲಿ ಉಚ್ಚೆ ಹೊಯ್ಯುವ ಈ ಮೂಲೆಗೆ ಬಂದು ಬಿದ್ದಿದೆಯಲ್ಲ ಎಂದು ಮನುಷ್ಯರ ಮೇಲೇ ಅಸಹ್ಯ ಹುಟ್ಟುತ್ತಿತ್ತು. ಆನಗೋಡು ಎಂಬ ಹೆಸರು ಮಾತ್ರ ಎಲ್ಲಿಯೂ ಇರಲಿಲ್ಲ.

ಮದುವೆಗೆ ಹದಿನೈದು ದಿನ ಉಳಿಯಿತು. ಹಳೇಪೇಟೆಯಲ್ಲಿ ಒಬ್ಬ ವಯಸ್ಸಾದ ಸಾಹೇಬರ ಪಾತ್ರೆ ಅಂಗಡಿ ಇತ್ತು. ಅಲ್ಲಿಗೆ ನಾವು ಹೋದದ್ದು ಅದು ನಾಲ್ಕನೆಯ ಸಲ. ಅವರು ನಮ್ಮನ್ನು ನೋಡಿ ಸ್ಟೂಲು ಸರಿಸಿದರು.

"ಕೂಡ್ರಿ ಅಕ್ಕಾರೆ. ಒಂದು ಮಾತು ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಿಮ್ಮ ತಂಬಿಗೆ ಹೋಗಿದ್ದು ದಾವಣಗೆರೆ ಮನೆಯಿಂದ ಹೌದಿಲ್ಲೋ?"

"ಹೌದ್ರಿ" ಎಂದಳು ಅತ್ತೆ.

"ಮತ್ತೆ ದಾವಣಗೆರ್ಯಾಗೆ ಯಾಕ ಹುಡುಕ್ತೀರಿ? ಮರ್ಯಾದಸ್ಥರ ಮನೆ ಸಾಮಾನು ಅದೇ ಊರಾಗೆ ಯಾರು ಮಾರ್ತಾರ್ರಿ? ನಾಳೆ ಬಾಜು ಮನೆಯವರು ಬಂದು ಗುರುತು ಹಿಡಿದ್ರೆ ಮಾರಿದವರ ಮಾನ ಏನಾಗಬೇಕು? ಅದಕ್ಕೇ ದಾವಣಗೆರೆದೆಲ್ಲ ಹರಿಹರಕ್ಕೆ ಹೋಗ್ತೈತೆ. ಹರಿಹರದ್ದು ಇಲ್ಲಿಗೆ ಬರ್ತೈತೆ. ಈ ಹುಡುಗಿ ಎರಡು ತಿಂಗಳಿಂದ ಓದ್ತಾ ಇದ್ದಾಳಲ್ಲ, ಅಷ್ಟೂ ಹರಿಹರದ ಹೆಣ್ಣುಮಕ್ಕಳ ಹೆಸರು."

ನನಗೆ ಸಿಟ್ಟು ನೆತ್ತಿಗೇರಿತು. ಎರಡು ತಿಂಗಳು! ಅಷ್ಟೂ ದಿನ ಈ ಕೊಳಕಿನಲ್ಲಿ ಉರುಳಾಡಿಸಿ, ಈಗ ಹೇಳುತ್ತಾನೆ. ಅತ್ತೆಗೆ ಮಾತ್ರ ಮುಖ ಬೆಳಗಿತು. ಅವಳಿಗೂ ಈ ರಿವಾಜು ಗೊತ್ತಿರಲಿಲ್ಲ. ಮನೆ ಬಾಗಿಲಿಗೆ ಬಂದವನಿಗೆ ಕೊಟ್ಟಿದ್ದಳು, ಅವನು ಇಲ್ಲೇ ಎಲ್ಲೋ ಹಾಕಿರುತ್ತಾನೆ ಎಂದುಕೊಂಡಿದ್ದಳು. ಮಾನ ಉಳಿಸಿಕೊಳ್ಳಲು ಎರಡು ಊರಿನವರು ತಮ್ಮ ತಮ್ಮ ಪಾತ್ರೆಗಳನ್ನು ಅದಲು ಬದಲು ಮಾಡಿಕೊಂಡು, ಒಬ್ಬರ ಎಂಜಲನ್ನು ಇನ್ನೊಬ್ಬರು ಬೆಳಗಿಟ್ಟುಕೊಳ್ಳುತ್ತಿದ್ದರು. ಎಂಥ ಮಾನವೋ ಅದು.

ಮರುದಿನ ಬೆಳಿಗ್ಗೆಯೇ ಹರಿಹರದ ಬಸ್ಸು ಹತ್ತಿದೆವು. ಅಲ್ಲಿಯೂ ಅದೇ ವಾಸನೆ, ಅದೇ ಕತ್ತಲೆ. ಒಂದು ವ್ಯತ್ಯಾಸವಿತ್ತು. ಪಾತ್ರೆಗಳ ಮೇಲಿನ ಹೆಸರುಗಳು ಈಗ ನಮ್ಮ ಕೇರಿಯ ಹೆಸರುಗಳು. ನಮ್ಮ ಓಣಿಯ ಕೊನೆಯ ಮನೆಯವರು ಕಳ್ಳತನವಾಯಿತೆಂದು ಊರೆಲ್ಲ ಸಾರಿದ್ದ ಕೊಳಗ ಅಲ್ಲಿ ಬೋರಲು ಬಿದ್ದಿತ್ತು. ನನ್ನ ಜೊತೆ ಓದಿದವಳ ಬಾಣಂತನಕ್ಕೆ ತವರಿನವರು ಕೊಟ್ಟ, ಕೂಸಿಗೆ ಹಾಲು ಕುಡಿಸುವ ಒಳಲೆ ಇತ್ತು, ಅವಳ ಕೂಸು ಇನ್ನೂ ಹಾಲು ಬಿಟ್ಟಿರಲಿಲ್ಲ. ನಾನು ಓದುವುದನ್ನು ನಿಲ್ಲಿಸಿದೆ. ಯಾರ ಮನೆಯ ಹೊಟ್ಟೆಯೊಳಗನ್ನೋ ಇಣುಕಿದಂತೆ ಹೇಸಿಗೆಯಾಗುತ್ತಿತ್ತು. "ಓದವ್ವ" ಎಂದಳು ಅತ್ತೆ. ಓದಿದೆ.

ಮೂರನೆಯ ಅಂಗಡಿ ಹೊಳೆಗೆ ಹೋಗುವ ದಾರಿಯಲ್ಲಿತ್ತು. ಒಳಗೆ ಗಾದಿಯ ಮೇಲೆ ದಪ್ಪ ಮನುಷ್ಯನೊಬ್ಬ ಕಾಲು ಮಡಿಚಿ ಕೂತಿದ್ದ. ಬಾಯಿತುಂಬ ಎಲೆ ಅಡಿಕೆ, ತಂಬಾಕು. ಮಾತಾಡುವ ಮೊದಲು ಪಕ್ಕದಲ್ಲಿದ್ದ ಒಂದು ಕಪ್ಪು ಪಾತ್ರೆ ಎತ್ತಿ, ಅದರ ಬಾಯಿಗೆ ತನ್ನ ಬಾಯಿಯಿಟ್ಟು ಉಗುಳಿದ. ಕೆಂಪು ಎಂಜಲು ಅಂಚಿನಿಂದ ಇಳಿದು ಅವನ ಬೆರಳಿಗೆ ಹರಿಯಿತು. ಬೆರಳನ್ನು ಗಾದಿಗೆ ಒರೆಸಿ, "ಬರ್ರಿ ಅವ್ವಾರೆ, ಏನು ಬೇಕಿತ್ತು?" ಎಂದ. ನಾನು ತಿರುಗಿ ಬೀದಿಗೆ ಮುಖಮಾಡಿ ನಿಂತೆ.

ಅತ್ತೆಯ ಸದ್ದೇ ಕೇಳಲಿಲ್ಲ. ತಿರುಗಿ ನೋಡಿದರೆ ಅವಳು ಆ ಉಗುಳುವ ಪಾತ್ರೆಯನ್ನೇ ನೋಡುತ್ತಿದ್ದಳು. ಚೀಲದಿಂದ ನಮ್ಮ ತಂಬಿಗೆ ತೆಗೆದು ಅದರ ಪಕ್ಕ ಹಿಡಿದಳು. ಅದೇ ಹೊಟ್ಟೆ, ಅದೇ ಕೊರಳು, ಅದೇ ಅಂಚು.

"ಅದನ್ನ ಕೊಡ್ರಿ."

"ಇದನ್ನ? ಥೋ ಥೋ, ಇದನ್ನ ಏನ್ಮಾಡ್ತೀರಿ ಅವ್ವಾರೆ? ನಾನು ಉಗುಳೋ ಡಬ್ಬಿ ಇದು."

ಅತ್ತೆ ಅವನ ಮಾತು ಮುಗಿಯುವ ಮೊದಲೇ ಅದನ್ನು ಎತ್ತಿಕೊಂಡಾಗಿತ್ತು. ಬರಿಗೈಯಲ್ಲಿ. ಅಂಗಡಿಯ ಮುಂದಿನ ಚರಂಡಿಗೆ ಬಗ್ಗಿಸಿದಳು. ಗಟ್ಟಿಯಾದದ್ದು ಕೊನೆಗೆ ತುಸು ತಡೆದು ಬಿತ್ತು. ಅವಳು ಒಳಗೆ ಬೆರಳು ಹಾಕಿ ಉಳಿದದ್ದನ್ನು ಬಳಿದಳು. ನಾನು ಗೋಡೆ ಹಿಡಿದುಕೊಂಡೆ. ಅವಳು ಸೆರಗಿನ ತುದಿಯಿಂದ ಕೊರಳ ಕೆಳಗೆ ಗಸಗಸ ಉಜ್ಜಿ ನನ್ನತ್ತ ಚಾಚಿದಳು. ಕಿಲುಬಿನ ನಡುವೆ ಒಂದು ಸಣ್ಣ ಹೂವು ಕಂಡಿತು. ಅದರ ಪಕ್ಕದ ಅಕ್ಷರಗಳನ್ನು ನಾನು ಬಾಯಿಬಿಟ್ಟು ಓದಬೇಕಾಗಲಿಲ್ಲ. ನನ್ನ ಮುಖ ನೋಡಿಯೇ ಅತ್ತೆಗೆ ತಿಳಿಯಿತು.

ಅಂಗಡಿಯವನು ನಾಚಿಕೊಂಡ. ತಂಬಿಗೆ ಅಂಗಡಿಗೆ ಬಂದ ಹೊಸತರಲ್ಲೇ ಅದನ್ನು ಉಗುಳಲು ಇಟ್ಟುಕೊಂಡನಂತೆ. ಹಾಗಾಗಿ ಯಾರೂ ಬೆಲೆ ಕೇಳಲಿಲ್ಲ, ಉಳಿದ ತಂಬಿಗೆಗಳ ಜೊತೆ ಕರಗಿಸಲಿಕ್ಕೂ ಹೋಗಲಿಲ್ಲ. ಅತ್ತೆ ದುಡ್ಡು ಚಾಚಿದರೆ ಕೈ ಹಿಂದಕ್ಕೆ ತೆಗೆದ. "ಉಗುಳಿದ್ದನ್ನ ಮಾರಬಾರದು ಅವ್ವಾರೆ, ಅಷ್ಟು ಧರ್ಮ ನಮಗೂ ಐತೆ. ಸುಮ್ನೆ ತಗೊಂಡು ಹೋಗ್ರಿ. ನನಗೆ ಒಂದು ಮಡಿಕೆನಾರ ತಂದ್ಕೊಡ್ರಿ, ಬಾಯಿ ತುಂಬೈತೆ" ಎಂದ. ಅತ್ತೆ ಓಡಿಹೋಗಿ ಎದುರಿನಿಂದ ಒಂದು ಮಣ್ಣಿನ ಕುಡಿಕೆ ತಂದುಕೊಟ್ಟಳು. ಅವನು ಅದರಲ್ಲಿ ಉಗುಳಿ ಕೈಮುಗಿದ.

ಹೊಳೆಯ ದಂಡೆಗೆ ಹೋದೆವು. ತುಂಗಭದ್ರೆಯಲ್ಲಿ ಬೇಸಿಗೆಯ ನೀರು, ದಂಡೆಯುದ್ದಕ್ಕೂ ಮರಳು. ಅತ್ತೆ ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿಕೊಂಡು, ಚೀಲದಿಂದ ಒಂದು ಉಂಡೆ ಹುಣಸೆಹಣ್ಣು ತೆಗೆದಳು. ಎರಡು ತಿಂಗಳೂ ಅದನ್ನು ಚೀಲದಲ್ಲೇ ಹೊತ್ತು ತಿರುಗಿದ್ದಳಂತೆ. ಮರಳು, ಹುಣಸೆಹಣ್ಣು ಹಾಕಿ ತಿಕ್ಕತೊಡಗಿದಳು. ನೀರಿನಲ್ಲಿ ಕೆಂಪು ಕೆಂಪಾಗಿ ಹರಿದುಹೋಯಿತು. ನಾನು ಮೇಲಿನ ಮೆಟ್ಟಿಲಲ್ಲಿ ಕೂತಿದ್ದೆ.

"ನಾನಂತೂ ಅದನ್ನ ಮುಟ್ಟಲ್ಲ" ಎಂದೆ. "ಇನ್ನೊಬ್ಬರ ಎಂಜಲು ಕುಡಿದ ತಂಬಿಗೆನ ನನ್ನ ಸುರಗಿಗೆ ಇಡ್ತೀಯಾ? ನಶ್ಯಕ್ಕೆ ಮಾರೋವಾಗ ಬುದ್ಧಿ ಇರಲಿಲ್ಲ, ಈಗ ನನ್ನ ತಲೆಗೆ ಕಟ್ತೀಯಾ?"

ಅತ್ತೆ ತಿಕ್ಕುವುದನ್ನು ನಿಲ್ಲಿಸಲಿಲ್ಲ. ನನ್ನತ್ತ ನೋಡಲೂ ಇಲ್ಲ.

"ನಾನು ಮಾರಲಿಲ್ಲವ್ವ. ನಿಮ್ಮವ್ವ ಮಾರು ಅಂದ್ಲು."



"ನೀನು ಒಂದಿನ ಸಾಲಿಯಿಂದ ಬಂದು ನೀರು ಕೇಳಿದಿ. ನಾನು ಅಡುಗೆಮನ್ಯಾಗೆ ಕೈಗೆ ಸಿಕ್ಕ ತಂಬಿಗೆನಾಗೆ ಕೊಟ್ಟೆ. ನೀನು ಬಾಯಿಗೆ ಇಟ್ಟವಳು, ಇದು ಅವ್ವಂದೇ ಇರಬೇಕು, ಇದರಾಗೆ ಅವ್ವ ಬಾಯಿ ಮುಕ್ಕಳಿಸ್ತಾಳೆ, ಥೂ ಹೇಸಿಗೆ ಅಂತ ಅಂಗಳಕ್ಕೆ ಬಿಸಾಕಿದಿ. ನೆನಪೈತೇನು?"

ಮರೆತಿದ್ದೆ ಎಂದು ಬರೆದರೆ ಸುಳ್ಳಾಗುತ್ತದೆ. ನನಗೆ ನೆನಪಿತ್ತು. ಅವ್ವನಿಗೆ ಕ್ಷಯ ಎಂದು ತಿಳಿದ ಮೇಲೆ ಅವಳ ತಟ್ಟೆ, ತಂಬಿಗೆ, ಹಾಸಿಗೆ ಎಲ್ಲ ಬೇರೆ ಮಾಡಿದ್ದರು. ನಮ್ಮವರಿಗೆ ಸೂತಕವಿಲ್ಲ, ಮೈಲಿಗೆಯಿಲ್ಲ ಎಂದು ಬಾಯಲ್ಲಿ ಹೇಳುವವರೇ ಅವಳ ಕೋಣೆಯ ಹೊಸ್ತಿಲು ದಾಟುತ್ತಿರಲಿಲ್ಲ. ಅವಳ ಕಫದ ವಾಸನೆ ನಡುಮನೆಗೆ ಬರುತ್ತಿತ್ತು. ನನ್ನನ್ನೂ ಹೋಗಬೇಡ ಎನ್ನುತ್ತಿದ್ದರು, ಅದನ್ನು ನಾನು ಸಂತೋಷದಿಂದ ಪಾಲಿಸುತ್ತಿದ್ದೆ. ಹಾಗೆ ಕೂಗಿದ್ದು, ಬಿಸಾಡಿದ್ದು, ಅದು ಅಂಗಳದ ಕಲ್ಲಿಗೆ ಬಡಿದ ಸದ್ದು, ಎಲ್ಲವೂ ನೆನಪಿತ್ತು. ಅವ್ವ ಎಚ್ಚರವಾಗಿದ್ದಳು ಎಂಬುದೊಂದು ಗೊತ್ತಿರಲಿಲ್ಲ.

"ಎಲ್ಲಾ ಕೇಳಿಸ್ಕೊಂಡಿದ್ಲು" ಎಂದಳು ಅತ್ತೆ. "ಅವತ್ತು ಸಂಜೆ ನನ್ನ ಕರೆದು ಹೇಳಿದ್ಲು. 'ನಾಲ್ಕೂ ಒಂದೇ ಥರ ಅದಾವೆ ಅಕ್ಕಾ. ಯಾವುದು ನಂದು ಅಂತ ತಿಳೀದೆ ಕೂಸು ನಾಲ್ಕರಾಗೂ ನೀರು ಕುಡಿಯೋದು ಬಿಡ್ತೈತೆ. ನಂದು ಒಂದನ್ನ ಮನೆಯಿಂದ ತೆಗೆದುಬಿಡು. ಅವಳ ಸುರಗಿ ಹೊತ್ತಿಗೆ ಹುಡುಕಿ ತಂದಿಡು. ಅಷ್ಟೊತ್ತಿಗೆ ಅವಳ ಹೇಸಿಗೆ ಹೋಗಿರ್ತೈತೆ' ಅಂತ."

"ಆನಗೋಡಿಗಾದ್ರೂ ಕಳಿಸಬೇಕಿತ್ತು" ಎಂದೆ. ಏನಾದರೂ ಹೇಳಬೇಕಿತ್ತು, ಅದಕ್ಕೆ ಹೇಳಿದೆ.

"ಮಗಳು ಬದುಕಿರೋವಾಗ ಅವಳಿಗೆ ಕೊಟ್ಟ ತಂಬಿಗೆ ತವರಿಗೆ ವಾಪಸ್ ಬಂದ್ರೆ ಹೆತ್ತವರು ಏನಂತ ತಿಳ್ಕೊಬೇಕು? ಆ ಪಾತ್ರೆಯವನಿಗೆ ಇಟ್ಟಿರಪ್ಪ, ಮುಂದೆ ನಾನೇ ತಗೊಂತೀನಿ ಅಂದಿದ್ದೆ. ಹೂಂ ಅಂದ. ಆಮೇಲೆ ಅವನೇ ಈ ಕಡೆ ಬರಲಿಲ್ಲ. ನಿಂಗೆ ಹೇಳಬ್ಯಾಡ ಅಂತ ನಿಮ್ಮವ್ವ ಆಣೆ ಹಾಕಿಸಿಕೊಂಡಿದ್ಲು. ಇವತ್ತು ಹೇಳಿಬಿಟ್ಟೆ. ನನ್ನ ನಾಲಿಗೆ ಸೀದುಹೋಗ."

ನಶ್ಯದ ಹನಿ ಅವಳ ಮೂಗಿನ ತುದಿಯಲ್ಲಿ ಹಾಗೇ ಇತ್ತು. ಆರು ವರ್ಷ ನಾನು ಆ ಹನಿಯನ್ನು ನೋಡಿ ಅಸಹ್ಯಪಟ್ಟಿದ್ದೆ. ಅವತ್ತು ನನಗೆ ಅಸಹ್ಯವಾದದ್ದು ನನ್ನ ಬಾಯಿ. ಹದಿಮೂರು ವರ್ಷದ ಹುಡುಗಿಗೆ ತಿಳಿವಳಿಕೆ ಎಲ್ಲಿರುತ್ತದೆ ಎಂದು ಆಮೇಲೆ ಬಹಳ ಜನ ಸಮಾಧಾನ ಹೇಳಿದ್ದಾರೆ. ಹತ್ತೊಂಬತ್ತಕ್ಕೂ ನನಗೆ ಬಂದಿರಲಿಲ್ಲ. ಹೊಳೆಯ ಮೆಟ್ಟಿಲ ಮೇಲೆ ಕೂತು, ಅದೇ ತಂಬಿಗೆ ನೋಡಿ, ಅದೇ ಮಾತನ್ನು ಈಗಷ್ಟೇ ಇನ್ನೊಮ್ಮೆ ಆಡಿದ್ದೆ.

ಇಳಿದು ಹೋಗಿ ಅತ್ತೆಯ ಕೈಯಿಂದ ತಂಬಿಗೆ ಕಿತ್ತುಕೊಂಡೆ. ಅದು ಆಗಲೇ ಹೊಳೆಯತೊಡಗಿತ್ತು. ಹೊಳೆಯ ನೀರು ತುಂಬಿ ಬಾಯಿಗಿಟ್ಟೆ. ಕುಡಿದೆ ಎಂದು ಹೇಳಲು ನನಗೂ ಆಸೆಯಿದೆ. ತುಟಿಗೆ ಅಂಚು ತಗುಲಿದ್ದೇ ತಡ, ಆ ದಪ್ಪ ಬಾಯಿ, ಆ ಕೆಂಪು, ನಾಲಿಗೆ ಹೆರೆಯುವ ಪಟ್ಟಿಗಳು, ಅವ್ವನ ಕೋಣೆಯ ವಾಸನೆ, ಎಲ್ಲ ಒಟ್ಟಿಗೆ ಬಂದವು. ಬೆಳಿಗ್ಗೆ ತಿಂದದ್ದೆಲ್ಲ ಹೊಳೆಗೆ ಹೋಯಿತು. ಅತ್ತೆ ನನ್ನ ಬೆನ್ನು ನೀವಿದಳು. "ಬ್ಯಾಡ ಬಿಡವ್ವ" ಎಂದಳು. "ಕುಡೀಲೇಬೇಕು ಅಂತ ಅವಳೇನು ಹೇಳಿರಲಿಲ್ಲ."

ಮನೆಗೆ ಬಂದ ಮೇಲೆ ಅತ್ತೆ ನಾಲ್ಕೂ ತಂಬಿಗೆಗಳನ್ನು ಒಟ್ಟಿಗೆ ಕಲಾಯಿಯವನಿಗೆ ಕೊಟ್ಟಳು. ಒಳಗೆ ಬೆಳ್ಳಗೆ ತವರ ಹತ್ತಿಸಿಕೊಂಡು, ಹೊರಗೆ ಹಳದಿಯಾಗಿ ಮಿಂಚುತ್ತ ಅವು ಬಂದವು. ಯಾವುದು ಹರಿಹರದಿಂದ ತಂದದ್ದು ಎಂದು ಹುಡುಕಿ ಹುಡುಕಿ ನೋಡಿದೆ. ತಿಳಿಯಲಿಲ್ಲ.

"ಅದು ಯಾವುದು ಅತ್ತೆ?" ಎಂದು ಕೇಳಿದೆ.

"ನನಗೂ ಗೊತ್ತಾಗವಲ್ದು" ಎಂದಳು. ಅವಳಿಗೆ ಗೊತ್ತಿತ್ತು ಎಂದೇ ನನ್ನ ನಂಬಿಕೆ. ಪಾತ್ರೆ ಮೂಸಿ ಮನೆಯಲ್ಲಿ ಎಮ್ಮೆ ಇತ್ತೆಂದು ಹೇಳುವವಳಿಗೆ ಇದು ತಿಳಿಯದೇ ಇರುತ್ತದೆಯೇ? ಸಾಯುವವರೆಗೂ ಹೇಳಲಿಲ್ಲ.

ಸುರಗಿಯ ದಿನ ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಇಟ್ಟು ನೂಲು ಸುತ್ತಿದರು. ಹಾಡು ಹೇಳುತ್ತಿದ್ದ ಹೆಂಗಸರು ನಾನು ನಾಚಿಕೊಂಡು ತಲೆ ತಗ್ಗಿಸಿದ್ದೇನೆ ಎಂದುಕೊಂಡರು. ನಾನು ಒಂದೊಂದು ತಂಬಿಗೆಯನ್ನೂ ನೋಡಿ ಇದಿರಬಹುದೇ, ಇದಿರಬಹುದೇ ಎಂದುಕೊಳ್ಳುತ್ತಿದ್ದೆ.  ಅವ್ವ ಯಾವುದಕ್ಕೆ ಹೆದರಿ ತನ್ನ ತಂಬಿಗೆಯನ್ನು ಮನೆಯಿಂದ ಹೊರಗೆ ಹಾಕಿಸಿದ್ದಳೋ ಅದೇ ಆಯಿತು. ನನಗೆ ನಾಲ್ಕರ ಮೇಲೂ ಹೇಸಿಗೆ ಬಂದಿತ್ತು.

ನಾಲ್ಕೂ ಈಗ ನನ್ನ ಅಡುಗೆಮನೆಯಲ್ಲಿವೆ. ತಿಕ್ಕಿ ತಿಕ್ಕಿ ಚುಕ್ಕಿಗಳು ಸವೆದಿವೆ, ಆನಗೋಡು ಎಂದು ಬೆರಳಿಗೆ ತಿಳಿಯುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಎದುರು ಮನೆಯವರು ಒಂದನ್ನಾದರೂ ಕೊಡಿ, ಷೋಕೇಸಿಗೆ ಚೆಂದ ಎಂದು ಕೇಳಿದ್ದರು. ಬೈದು ಕಳಿಸಿದೆ. ಅವ್ವನ ಲೆಕ್ಕ ತಪ್ಪಿತು. ನನ್ನ ಹೇಸಿಗೆ ಹೋಗಲೇ ಇಲ್ಲ. ಬೆಳಿಗ್ಗೆ ಎದ್ದು ಅಂಚಿಗೆ ತುಟಿ ಇಡುವಾಗ ಇವತ್ತಿಗೂ ಒಂದು ಸಲ ಓಕರಿಕೆ ಬರುತ್ತದೆ. ತಡೆದುಕೊಂಡು ಕುಡಿಯುತ್ತೇನೆ. ಯಾವುದು ಅವಳದೆಂದು ಗೊತ್ತಿಲ್ಲವಾದ್ದರಿಂದ ದಿನಕ್ಕೊಂದರಂತೆ ನಾಲ್ಕರಲ್ಲೂ ಕುಡಿಯುತ್ತೇನೆ.